ಸೆಟ್‌ಟಾಪ್ ಬಾಕ್ಸ್‌ಗೆ ಬೀಗ ಯಾಕೆ? ಟ್ರಾಯ್ ಅಧ್ಯಕ್ಷರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ

ಪ್ರತಿ: ಕಾರ್ಯದರ್ಶಿಗಳು, ವಾರ್ತಾ ಮತ್ತು ಪ್ರಸಾರ ಸಚಿವಾಲಯ, ನವದೆಹಲಿ

ಮಾನ್ಯರೇ,

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಅಡಿಕೆ ತೋಟದ ನಡುವೆ ನಮ್ಮ ಮನೆ. ಬೇಡಿಕೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಡಿಟಿಎಚ್ ಕಂಪನಿ, ಅಂದರೆ ಡಿಶ್ ಮೂಲಕ ಉಪಗ್ರಹದಿಂದ ನೇರ ಮನೆಗೆ ಚಾನೆಲ್ ಕೊಡುವ ಕಂಪನಿ, ಬದಲಾಯಿಸಿದರೂ ಮನೆಯಲ್ಲಿರುವ ಸೆಟ್‌ಟಾಪ್ ಬಾಕ್ಸ್ ಹಾಗೇ ಕೆಲಸ ಮಾಡಬೇಕು. ಅದಕ್ಕೆ ಬೇಕಾದ ನಿಯಮ ಬರಬೇಕು, ದಿನಾಂಕ ಹಾಕಿ ಬರಬೇಕು. ರೇಟು, ಪ್ಯಾಕ್, ರಿಪೇರಿ, ಭಾಷೆ ಎಂದು ನಮ್ಮ ಕಡೆಯವರು ಹೇಳಿಕೊಳ್ಳುವ ಕಷ್ಟಗಳು ಹಲವು ಉಂಟು. ಅವೆಲ್ಲದರ ಬೇರು ಈ ಒಂದು ಪೆಟ್ಟಿಗೆಯಲ್ಲಿದೆ ಎನ್ನುವುದು ನನ್ನ ಅನುಭವ.

ನಮ್ಮ ಕಡೆ ಟಿವಿ ಹೇಗೆ ನೋಡುತ್ತಾರೆ ಎಂದು ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರೂಪುಗೊಂಡಾಗ ನಾವು ಕೇರಳಕ್ಕೆ ಸೇರಿದೆವು. ಮನೆಯ ಮಾತು ಕನ್ನಡ, ತುಳು, ಕೊಂಕಣಿ, ಮರಾಠಿ ಹೀಗೆ ಬೇರೆ ಬೇರೆ. ಮಂಜೇಶ್ವರ, ಪೈವಳಿಕೆ, ಪೆರ್ಲ, ಮುಳ್ಳೇರಿಯ, ಕುಂಬಳೆ, ಯಾವ ಕಡೆ ಹೋದರೂ ಓದಿ ಬರೆಯುವುದು ಕನ್ನಡದಲ್ಲೇ ಎನ್ನುವ ಮನೆಗಳು ಈಗಲೂ ಸಾಕಷ್ಟಿವೆ. ಅಂಥ ಮನೆಗೆ ಕನ್ನಡ, ಮಲಯಾಳಂ ಎರಡೂ ಭಾಷೆಯ ಚಾನೆಲ್ ಬೇಕು. ಜೂನ್, ಜುಲೈಯಲ್ಲಿ ಜೋರು ಮಳೆ ಬಂದರೆ ನಾಳೆ ಶಾಲೆಗೆ ರಜೆಯೋ ಅಲ್ಲವೋ ಎಂದು ಗೊತ್ತಾಗುವುದು ಮಲಯಾಳಂ ವಾರ್ತೆಯಿಂದ. ಪಂಚಾಯತಿನ ಸುದ್ದಿ, ರೇಷನ್, ಪಿಂಚಣಿ, ಚುನಾವಣೆ ಎಲ್ಲ ಅದರಲ್ಲೇ. ಆದರೆ ಅಡಿಕೆ ಧಾರಣೆಗೆ ನಾವು ನೋಡುವುದು ಮಂಗಳೂರಿನ ಕಡೆಗೆ. ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ. ಮಕ್ಕಳು ಕಾಲೇಜಿಗೆ ಹೋಗುವುದೂ ಹೆಚ್ಚಾಗಿ ಅತ್ತಲೇ. ಸಂಜೆ ಹೊತ್ತು ಅಮ್ಮ ನೋಡುವುದು ಕನ್ನಡ ಧಾರಾವಾಹಿ. ಅವರಿಗೆ ಮಲಯಾಳಂ ಮಾತಾಡಲು ಬರುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಸಲೀಸಾಗಿ ಮಾತಾಡುತ್ತಾರೆ. ಆದರೆ ಕೂತು ಕಥೆ ಕೇಳುವುದಕ್ಕೆ ಮನಸ್ಸು ಕೇಳುವುದು ಕನ್ನಡವನ್ನೇ.

ಆಕಾಶದಿಂದ ಬರುವ ಸಿಗ್ನಲ್‌ಗೆ ಇದೆಲ್ಲ ಕಷ್ಟವೇ ಅಲ್ಲ. ಡಿಟಿಎಚ್ ಉಪಗ್ರಹದ ಕಿರಣ ಇಡೀ ದೇಶದ ಮೇಲೆ ಬೀಳುತ್ತದೆ. ಮಂಗಳೂರಿನ ಮನೆಯ ಮಾಡಿಗೆ ಬೀಳುವ ಕನ್ನಡ ಚಾನೆಲ್‌ಗಳು ಅದೇ ಹೊತ್ತಿಗೆ ಬದಿಯಡ್ಕದ ಮಾಡಿಗೂ ಬೀಳುತ್ತವೆ. ತಲಪಾಡಿಯ ಗಡಿ ದಾಟಿಸಲು ಕಂಪನಿಗೆ ಒಂದು ಪೈಸೆಯ ಹೆಚ್ಚು ಖರ್ಚಿಲ್ಲ. ಗಡಿ ಶುರುವಾಗುವುದು ಕಂಪನಿಯ ಕಂಪ್ಯೂಟರಿನಲ್ಲಿ. ನಮ್ಮ ಜಿಲ್ಲೆಯ ಪಿನ್‌ಕೋಡ್ 671ರಿಂದ ಆರಂಭ. ಆ ಮೂರು ಅಂಕಿ ಹಾಕಿದ ತಕ್ಷಣ ನಮ್ಮ ಮುಂದೆ ಬರುವುದು ಕೇರಳದ ಪ್ಯಾಕ್‌ಗಳು.

ನಮ್ಮ ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಕೊಡುವ ಕನ್ನಡ ಪ್ಯಾಕನ್ನೇ ನಮಗೂ ಕೊಡಿ ಎಂದು ಅವರಿಗೆ ಫೋನ್ ಮಾಡಿ ಕೇಳಿದ್ದೇನೆ. ಫೋನಿನಲ್ಲಿ ಭಾಷೆ ಆರಿಸಿಕೊಳ್ಳಲು ಹೇಳಿದಾಗ ಕನ್ನಡವೇ ಇರಲಿಲ್ಲ. ಹಿಂದಿ ಆರಿಸಿದೆ. "ಸರ್, ನಿಮ್ಮ ವಿಳಾಸಕ್ಕೆ ಆ ಪ್ಯಾಕ್ ಇಲ್ಲ, ಮಲಯಾಳಂ ಪ್ಯಾಕ್ ಹಾಕಿಸಿ, ಮೇಲೆ ಕನ್ನಡ ಚಾನೆಲ್ ಸೇರಿಸಿಕೊಳ್ಳಿ" ಎಂದರು. ಅಂದರೆ ಅಮ್ಮ ದಿನಾ ನೋಡುವ ಚಾನೆಲ್‌ಗಳು ನಮ್ಮ ಮನೆಯ ಲೆಕ್ಕದಲ್ಲಿ ಹೆಚ್ಚುವರಿ. ನಾವು ಯಾರೂ ತೆರೆದು ನೋಡದ ಎಷ್ಟೋ ಚಾನೆಲ್‌ಗಳು ಮುಖ್ಯ.

ಇದಕ್ಕೆ ನಮ್ಮವರು ಒಂದು ದಾರಿ ಹುಡುಕಿಕೊಂಡಿದ್ದಾರೆ. ಮಂಗಳೂರಿನಲ್ಲೋ ವಿಟ್ಲದಲ್ಲೋ ಇರುವ ನೆಂಟರ ವಿಳಾಸ ಕೊಟ್ಟು ಸಂಪರ್ಕ ತೆಗೆದುಕೊಳ್ಳುತ್ತಾರೆ. ಕನ್ನಡ ಪ್ಯಾಕ್ ಸಿಗುತ್ತದೆ ನಿಜ. ಆಮೇಲೆ ಏನಾದರೂ ಕೆಟ್ಟರೆ ದೂರು ಹೋಗುವುದು ಮಂಗಳೂರಿನ ಮೆಕ್ಯಾನಿಕ್‌ಗೆ. ಅವರು ಗಡಿ ದಾಟಿ ಬರುವುದಿಲ್ಲ. ಇಲ್ಲಿಯವರು "ನಮ್ಮ ಏರಿಯಾದ ಲಿಸ್ಟಿನಲ್ಲಿ ನಿಮ್ಮ ಹೆಸರಿಲ್ಲ" ಎನ್ನುತ್ತಾರೆ. ತನ್ನ ಭಾಷೆಯ ಚಾನೆಲ್ ನೋಡುವುದಕ್ಕೆ ಒಬ್ಬ ಮನುಷ್ಯ ವಿಳಾಸದಲ್ಲಿ ಸುಳ್ಳು ಹೇಳಬೇಕು ಎಂದರೆ ಎಲ್ಲೋ ತಪ್ಪಾಗಿದೆ, ಅಲ್ವಾ?

ಈಗ ದುಡ್ಡಿನ ವಿಷಯ. 2017ರಲ್ಲಿ ನೀವು ಹೊಸ ದರದ ನಿಯಮ ತಂದಿರಿ. 2019ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಯಾವ ಚಾನೆಲ್ ಬೇಕೋ ಅದಕ್ಕೆ ಮಾತ್ರ ದುಡ್ಡು ಕೊಡಿ ಎಂದು ಹೇಳಿದಿರಿ. ನಮಗೆ ನಿಜವಾಗಿ ಖುಷಿಯಾಗಿತ್ತು. ಎರಡು ಭಾಷೆಯ ಮನೆಗೆ ಇದಕ್ಕಿಂತ ಒಳ್ಳೆಯ ನಿಯಮ ಬೇರೆ ಇಲ್ಲ ಎಂದುಕೊಂಡೆವು. ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಕೊಡಲೇಬೇಕು ಎಂದು ಅದರಲ್ಲಿ ಬರೆದಿತ್ತು. ನಾಲ್ಕು ಕನ್ನಡ, ನಾಲ್ಕು ಮಲಯಾಳಂ, ಮಕ್ಕಳಿಗೆ ಒಂದೆರಡು, ಅಷ್ಟು ಸಾಕು.

ಆದದ್ದು ಬೇರೆ. ಚಾನೆಲ್ ನೋಡುವ ಮೊದಲೇ, ಅದನ್ನು ಮನೆಗೆ ತಲುಪಿಸುವುದಕ್ಕೆಂದು ತಿಂಗಳಿಗೆ 130 ರೂಪಾಯಿಯ ನೆಟ್‌ವರ್ಕ್ ಶುಲ್ಕ ಬಂತು. ಅದಕ್ಕೆ ಶೇಕಡಾ 18ರ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. 2020ರಲ್ಲಿ ಅದೇ ದುಡ್ಡಿಗೆ 100ರ ಬದಲು 200 ಚಾನೆಲ್ ಎಂದು ತಿದ್ದಿದಿರಿ. ಹತ್ತು ಚಾನೆಲ್ ನೋಡುವ ಮನೆಗೆ ಅದರಿಂದ ಏನು ಸಿಕ್ಕಿತು? ಶುಲ್ಕ ಕಡಿಮೆಯಾಗಲಿಲ್ಲ. ಇನ್ನು ಬಿಡಿ ಚಾನೆಲ್. 2019ರಲ್ಲಿ ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳ ಪೈಕಿ ಎರಡರ ದರ ತಲಾ 19 ರೂಪಾಯಿ ಇತ್ತು. ಗೊಂಚಲಿನಲ್ಲಿ, ಅಂದರೆ ಹಲವು ಚಾನೆಲ್ ಒಟ್ಟಿಗೆ ಮಾರುವ ಕಟ್ಟಿನಲ್ಲಿ, ಸೇರಿಸಬಹುದಾದ ಚಾನೆಲ್‌ಗೆ ಗರಿಷ್ಠ ಮಿತಿಯೇ 19. ಎರಡನ್ನು ಬಿಡಿಯಾಗಿ ತೆಗೆದುಕೊಂಡರೆ ತೆರಿಗೆ ಸೇರಿ ತಿಂಗಳಿಗೆ ಸುಮಾರು 45 ರೂಪಾಯಿ. ಆದರೆ ಅದೇ ಚಾನೆಲ್ ಗೊಂಚಲಿನ ಒಳಗೆ ಬಂದರೆ ಬಹಳ ಅಗ್ಗ. ಹಾಗಾಗಿ ಬಿಡಿಯಾಗಿ ಆರಿಸುವವನಿಗೆ ನಷ್ಟ, ಗೊಂಚಲು ಹಿಡಿದವನಿಗೆ ಲಾಭ. ಮಂಗಳೂರಿನವರಿಗೆ ಒಂದು ಕನ್ನಡ ಗೊಂಚಲು ಸಾಕು. ಕೊಚ್ಚಿಯವರಿಗೆ ಒಂದು ಮಲಯಾಳಂ ಗೊಂಚಲು ಸಾಕು. ನಮಗೆ ಎರಡೂ ಬೇಕು, ಎರಡಕ್ಕೂ ಕೊಡಬೇಕು. ಆಯ್ಕೆಯ ನಿಯಮ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರಿಗೇ ಅದು ದುಬಾರಿಯಾಯಿತು.

ಗೊಂಚಲಿಗೆ ಸೇರುವ ಚಾನೆಲ್‌ನ ದರದ ಮಿತಿಯನ್ನು 12 ರೂಪಾಯಿಗೆ ಇಳಿಸಲು ಹೊರಟವರು 2022ರ ನವೆಂಬರಿನಲ್ಲಿ ಮತ್ತೆ 19ಕ್ಕೇ ತಂದಿರಿ. 2024ರ ಜುಲೈಯಲ್ಲಿ ಇನ್ನೊಂದು ತಿದ್ದುಪಡಿ ಬಂತು. ನೆಟ್‌ವರ್ಕ್ ಶುಲ್ಕಕ್ಕೆ ಇದ್ದ ಮಿತಿಯನ್ನೇ ತೆಗೆದಿರಿ. ಅಳವಡಿಕೆ, ಮನೆಗೆ ಬಂದು ನೋಡುವುದು, ಜಾಗ ಬದಲಾಯಿಸುವುದು, ತಾತ್ಕಾಲಿಕವಾಗಿ ನಿಲ್ಲಿಸುವುದು, ಇವೆಲ್ಲದರ ದರವನ್ನೂ ಕಂಪನಿಗಳ ಇಷ್ಟಕ್ಕೆ ಬಿಟ್ಟಿರಿ. ಮೊದಲು ಅಳವಡಿಕೆಗೆ 350 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿರಲಿಲ್ಲ. ಈಗ ದರ ಪ್ರಕಟಿಸಿದರೆ ಸಾಕು. ಪೈಪೋಟಿ ಇದೆ, ಆದ್ದರಿಂದ ದರ ತಾನಾಗಿಯೇ ಹದಕ್ಕೆ ಬರುತ್ತದೆ ಎನ್ನುವುದು ಇದರ ಹಿಂದಿನ ಲೆಕ್ಕಾಚಾರ.

ಪೇಟೆಯಲ್ಲಿ ಆ ಲೆಕ್ಕ ಸರಿ ಇರಬಹುದು. ಅಲ್ಲಿ ಕೇಬಲ್ ಉಂಟು, ಫೈಬರ್ ಉಂಟು, ಕಂಪನಿಗಳ ಜನ ಬಾಗಿಲಿಗೆ ಬಂದು ಆಫರ್ ಹೇಳುತ್ತಾರೆ. ಮುಖ್ಯರಸ್ತೆಯಿಂದ ಒಳಗೆ ಗುಡ್ಡ ಹತ್ತಿ ಇಳಿದು ತೋಟಕ್ಕೆ ಸೇರುವ ಮನೆಗಳಿಗೆ ಕೇಬಲ್ ಎಳೆಯಲು ಯಾರೂ ಬರುವುದಿಲ್ಲ. ಒಂದೊಂದು ಮನೆಗೂ ಅಷ್ಟು ಅಂತರ. ಹಾಗಾಗಿ ಡಿಶ್ ನಮಗೆ ಶೋಕಿಯಲ್ಲ, ಇರುವುದು ಅದೊಂದೇ ದಾರಿ. ಪೈಪೋಟಿ ಅಂದರೆ ನಮ್ಮ ಪಾಲಿಗೆ ಒಂದು ಡಿಟಿಎಚ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವುದು. ಅದನ್ನು ಮಾಡಲು ಹೊರಟಾಗಲೇ ಬಾಕ್ಸ್ ಅಡ್ಡ ಬರುವುದು.

ಅದಕ್ಕೆ ಮೊದಲು ಮಳೆಯ ವಿಷಯ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಡಿಟಿಎಚ್ ಸಿಗ್ನಲ್ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ತರಂಗಗಳಲ್ಲಿ. ಆ ತರಂಗಗಳ ಅಲೆಯುದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಹನಿಯ ಮಳೆ ಅದನ್ನು ಹೀರುತ್ತದೆ, ಚದುರಿಸುತ್ತದೆ. ಆಟಿಯ (ಜುಲೈ, ಆಗಸ್ಟಿನ) ಮಳೆಯಲ್ಲಿ ಟಿವಿ ಪರದೆ ನೀಲಿಯಾಗುವುದಕ್ಕೆ ಇದೇ ಕಾರಣ. ಮೆಕ್ಯಾನಿಕ್ ಹೇಳುತ್ತಾನೆ, "ಮಳೆ ಬಿಟ್ಟ ಮೇಲೆ ಬರುತ್ತದೆ ಮಾರಾಯ್ರೇ, ನಾವೇನೂ ಮಾಡ್ಲಿಕ್ಕೆ ಆಗುವುದಿಲ್ಲ." ಪಾಪ, ಅವನ ತಪ್ಪಿಲ್ಲ. ಆದರೆ ಏನೂ ಮಾಡಲಾಗದು ಎನ್ನುವುದು ಪೂರ್ತಿ ನಿಜವಲ್ಲ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 60 ಸೆಂಟಿಮೀಟರಿನ ಡಿಶ್ ತಟ್ಟೆ. 90 ಸೆಂಟಿಮೀಟರಿನದ್ದು ಹಾಕಿದರೆ ಅದರ ವಿಸ್ತೀರ್ಣ ಎರಡೂ ಕಾಲು ಪಟ್ಟು ಆಗುತ್ತದೆ, ಅಷ್ಟೇ ಪಟ್ಟು ಜಾಸ್ತಿ ಸಿಗ್ನಲ್ ಹಿಡಿಯುತ್ತದೆ. ಭಾರಿ ಮಳೆಗೆ ಆಗಲೂ ಸಿಗ್ನಲ್ ಹೋಗಬಹುದು, ಸಣ್ಣ ಮಳೆಗೆ ಹೋಗುವುದಿಲ್ಲ. ರಾಜಸ್ಥಾನದ ಮರಳುಗಾಡಿಗೂ ಕಾಸರಗೋಡಿನ ಗುಡ್ಡಕ್ಕೂ ಒಂದೇ ಅಳತೆಯ ತಟ್ಟೆ ಯಾಕೆ? ಜೋರು ಮಳೆಯ ಜಿಲ್ಲೆಗಳಲ್ಲಿ ದೊಡ್ಡ ತಟ್ಟೆಯ ಆಯ್ಕೆ ಕೊಡಲೇಬೇಕು ಎಂದು ಒಂದು ಸಾಲು ಸೇರಿಸಬಹುದು. ಹಾಗೆಯೇ ಅಳವಡಿಸುವವರು ಅಡಿಕೆ ಮರ, ತೆಂಗಿನ ಮರ ನೋಡಿ ಜಾಗ ಆರಿಸಬೇಕು. ಬೇಸಿಗೆಯಲ್ಲಿ ಗಾಳಿ ಇಲ್ಲದ ದಿನ ಬಂದು ಹಾಕಿ ಹೋಗುತ್ತಾರೆ. ಮಳೆಗಾಲದಲ್ಲಿ ನೀರು ಕುಡಿದ ಸೋಗೆ ಬಾಗಿ ಎದುರಿಗೆ ಬಂದಾಗ ಸಿಗ್ನಲ್ ಹೋಗುತ್ತದೆ. ಆಗ ಮತ್ತೆ ಕರೆಯಬೇಕು, ಮತ್ತೆ ವಿಸಿಟಿಂಗ್ ಚಾರ್ಜ್.

ಮಳೆಗಿಂತ ದೊಡ್ಡ ಪೆಟ್ಟು ಸಿಡಿಲಿನದ್ದು. ಏಪ್ರಿಲ್, ಮೇಯಲ್ಲಿ ಒಂದು ಸಲ, ತುಲಾ ತಿಂಗಳಲ್ಲಿ (ಅಕ್ಟೋಬರ್, ನವೆಂಬರ್) ಇನ್ನೊಂದು ಸಲ, ಸಂಜೆಯಾದರೆ ಗುಡುಗು. ಮಾಡಿನ ಮೇಲೆ ಲೋಹದ ತಟ್ಟೆ, ಅದರಿಂದ ನೇರ ಒಳಗೆ ಬರುವ ವೈರು. ಟಿವಿಯ ಪ್ಲಗ್ ತೆಗೆದರೆ ಸಾಲದು, ಬಾಕ್ಸಿನಿಂದ ಡಿಶ್ ವೈರನ್ನೂ ತೆಗೆಯಬೇಕು. ಎಲ್ಲ ತೆಗೆದಿಟ್ಟು ಕೂರುವ ಅಭ್ಯಾಸ ನಮಗೆ ಉಂಟು. ಆದರೆ ಮನೆಯಲ್ಲಿ ಯಾರೂ ಇಲ್ಲದ ದಿನ ಬಂದ ಸಿಡಿಲಿಗೆ ನಮ್ಮ ಬಾಕ್ಸ್ ಹೋಯಿತು. ಸಿಡಿಲಿಗೆ ವಾರಂಟಿ ಇಲ್ಲ ಎಂದರು. ಹೊಸ ಬಾಕ್ಸಿಗೆ ದುಡ್ಡು ಕೊಡಿ ಎಂದರು. ಆಗ ನಾನು ಕರಾರಿನ ಕಾಗದ ತೆಗೆದು ಓದಿದೆ. ಬಾಕ್ಸ್ ಕಂಪನಿಯ ಸ್ವತ್ತು, ಬಳಸಲು ಮಾತ್ರ ನಮಗೆ ಕೊಟ್ಟದ್ದು ಎಂದು ಅದರಲ್ಲಿತ್ತು.

ಈ ಮಾತಿನ ಮೇಲೆ ನೀವು ಸ್ವಲ್ಪ ನಿಲ್ಲಬೇಕು ಎಂದು ನನ್ನ ಕೋರಿಕೆ. ಕೆಟ್ಟರೆ ಖರ್ಚು ನಮ್ಮದು. ಕೆಡದಿದ್ದರೆ ಸ್ವತ್ತು ಅವರದು. ಬೇರೆ ಕಂಪನಿಗೆ ಹೋಗೋಣ ಎಂದು ವಿಚಾರಿಸಿದರೆ ಅವರೂ ಹೊಸ ಬಾಕ್ಸ್, ಹೊಸ ತಟ್ಟೆ, ಅಳವಡಿಕೆಯ ಖರ್ಚು, ಜೊತೆಗೆ ಇಷ್ಟು ತಿಂಗಳು ಬಿಡುವ ಹಾಗಿಲ್ಲ ಎಂಬ ಷರತ್ತು ಹೇಳುತ್ತಾರೆ. ಚೆನ್ನಾಗಿರುವ ಹಳೆಯ ಬಾಕ್ಸ್ ಅಟ್ಟಕ್ಕೆ ಹೋಗುತ್ತದೆ. ನಮ್ಮ ಊರಿನಲ್ಲಿ ಅಟ್ಟದ ಮೇಲೆ ಹಳೆಯ ಬಾಕ್ಸ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಗ್ಯಾಸ್ ಏಜೆನ್ಸಿ ಬದಲಾಯಿಸಿದವರಿಗೆ ಯಾರಾದರೂ ಹೊಸ ಒಲೆ ತೆಗೆದುಕೊಳ್ಳಿ ಎನ್ನುತ್ತಾರಾ?

ಕೈಯಿಂದ ದುಡ್ಡು ಹೋದರೂ ಚಿಂತಿಲ್ಲ ಎನ್ನುವವರು ಮಾತ್ರ ಕಂಪನಿ ಬದಲಾಯಿಸುತ್ತಾರೆ. ಉಳಿದವರು ಸುಮ್ನೆ ಇರುತ್ತಾರೆ. ಗ್ರಾಹಕ ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿದ್ದ ಮೇಲೆ ಕಂಪನಿ ಯಾಕೆ ಅವನ ಭಾಷೆಯ ಪ್ಯಾಕ್ ಮಾಡಬೇಕು? ಯಾಕೆ ದೊಡ್ಡ ತಟ್ಟೆ ಹಾಕಬೇಕು? ಯಾಕೆ ಫೋನಿನಲ್ಲಿ ಕನ್ನಡ ಇಡಬೇಕು? ಬಾಕ್ಸ್‌ನ ಬೀಗವೇ ಎಲ್ಲದಕ್ಕೂ ಬೇರು ಎಂದು ನಾನು ಹೇಳಿದ್ದು ಇದಕ್ಕಾಗಿ.

ಇದು ಹೊಸ ಬೇಡಿಕೆಯೂ ಅಲ್ಲ. 2001ರಲ್ಲಿ ಸರ್ಕಾರ ಡಿಟಿಎಚ್‌ಗೆ ಪರವಾನಗಿ ಕೊಡುವ ನಿಯಮ ಮಾಡಿದಾಗಲೇ, ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೂ ಹೊಂದಬೇಕು ಎಂಬ ಷರತ್ತು ಅದರಲ್ಲಿತ್ತು. ಅಷ್ಟು ವರ್ಷದ ಹಿಂದೆಯೇ ಯಾರೋ ಒಳ್ಳೆಯ ಯೋಚನೆ ಮಾಡಿದ್ದರು. ಅದು ಕಾಗದದಲ್ಲೇ ಉಳಿಯಿತು. 2020ರ ಏಪ್ರಿಲ್‌ನಲ್ಲಿ ನಿಮ್ಮ ಪ್ರಾಧಿಕಾರವೇ ವಾರ್ತಾ ಸಚಿವಾಲಯಕ್ಕೆ ಸ್ಪಷ್ಟವಾಗಿ ಶಿಫಾರಸು ಮಾಡಿತು, ದೇಶದಲ್ಲಿ ಕೊಡುವ ಎಲ್ಲ ಸೆಟ್‌ಟಾಪ್ ಬಾಕ್ಸ್‌ಗಳೂ ಹೀಗೆ ಹೊಂದುವಂತಿರಬೇಕು, ಅದನ್ನು ಕಡ್ಡಾಯ ಮಾಡಿ ಎಂದು. ದಾರಿಯನ್ನೂ ತೋರಿಸಿದಿರಿ. ಬಾಕ್ಸ್‌ಗಳ ಒಳಗೆ ಸಿಗ್ನಲ್ ಹಿಡಿದು ಚಿತ್ರ ಬಿಡಿಸುವ ಭಾಗ ಎಲ್ಲ ಕಂಪನಿಗಳದ್ದೂ ಹೆಚ್ಚು ಕಡಿಮೆ ಒಂದೇ. ಬೇರೆ ಇರುವುದು ಬೀಗ ಮಾತ್ರ, ಅಂದರೆ ದುಡ್ಡು ಕೊಟ್ಟವರಿಗೆ ಮಾತ್ರ ಚಾನೆಲ್ ತೆರೆಯುವ ಗುಪ್ತಲಿಪಿಯ ವ್ಯವಸ್ಥೆ. ಆ ಬೀಗವನ್ನು ಬಾಕ್ಸಿನಿಂದ ಹೊರಗೆ ತೆಗೆದು, ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಸಾಧನದಲ್ಲಿ ಇಡಬಹುದು. ಕಂಪನಿ ಬದಲಾಯಿಸುವವರು ಆ ಸಾಧನ ಮಾತ್ರ ಬದಲಾಯಿಸಿದರೆ ಸಾಕು. ಹೊಸ ಟಿವಿಗಳಲ್ಲೂ ಅಂಥ ಜಾಗ ಇರಬೇಕು ಎಂದು ನೀವೇ ಬರೆದಿರಿ.

2022ರಲ್ಲಿ ಭಾರತೀಯ ಮಾನಕ ಬ್ಯೂರೋ ಉಪಗ್ರಹದ ಸಿಗ್ನಲ್ ಹಿಡಿಯುವ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಮಾನದಂಡವನ್ನೂ ಹೊರಡಿಸಿತು. ಅಂದರೆ ತಂತ್ರಜ್ಞಾನಕ್ಕೆ ಕೊರತೆ ಇಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಬಂದ ನಿಮ್ಮ ಶಿಫಾರಸುಗಳಲ್ಲಿ ಇದೇ ವಿಷಯ ಕಡ್ಡಾಯದಿಂದ ಪ್ರೋತ್ಸಾಹಕ್ಕೆ ಇಳಿದಿದೆ. ಪ್ರೋತ್ಸಾಹ ಕೊಟ್ಟರೆ ಯಾವ ಕಂಪನಿ ತನ್ನ ಗ್ರಾಹಕರಿಗೆ ಬಾಗಿಲು ತೆರೆದಿಡುತ್ತದೆ? ಅದೇ ಶಿಫಾರಸಿನಲ್ಲಿ ಡಿಟಿಎಚ್ ಕಂಪನಿಗಳು ಸರ್ಕಾರಕ್ಕೆ ಕಟ್ಟುವ ಪರವಾನಗಿ ಶುಲ್ಕವನ್ನು ಶೇಕಡಾ 8ರಿಂದ 3ಕ್ಕೆ ಇಳಿಸಿ, ಮುಂದೆ ಪೂರ್ತಿ ತೆಗೆಯಬೇಕು ಎಂದು ಹೇಳಿದ್ದೀರಿ. ಕಂಪನಿಗಳಿಗೆ ಕಷ್ಟ ಇರುವುದು ನಿಜ. 2021ರಲ್ಲಿ ಸುಮಾರು 7 ಕೋಟಿ ಇದ್ದ ಡಿಟಿಎಚ್ ಗ್ರಾಹಕರು 2025ರ ಮಾರ್ಚ್ ಹೊತ್ತಿಗೆ 6 ಕೋಟಿಗಿಂತ ಕೆಳಗೆ ಇಳಿದಿದ್ದಾರೆ. ಅವರಿಗೆ ರಿಯಾಯಿತಿ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಆ ರಿಯಾಯಿತಿಯ ಜೊತೆಗೇ ಬಾಕ್ಸ್ ತೆರೆಯುವ ಷರತ್ತನ್ನೂ ಹಾಕಬಹುದಿತ್ತು.

ಮೊಬೈಲಿನಲ್ಲಿ ನೀವು ಇದನ್ನು ಮಾಡಿ ತೋರಿಸಿದ್ದೀರಿ. 2011ರ ಜನವರಿಯಲ್ಲಿ ದೇಶಾದ್ಯಂತ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ವ್ಯವಸ್ಥೆ ಬಂತು. ನಮ್ಮ ಗುಡ್ಡದಲ್ಲಿ ರೇಂಜ್ ಸಿಗದ ಕಂಪನಿಯನ್ನು ಬಿಟ್ಟು ಸಿಗುವ ಕಂಪನಿಗೆ ಜನ ಆರಾಮವಾಗಿ ಹೋದರು. 2015ರಲ್ಲಿ ರಾಜ್ಯ ದಾಟಿದರೂ ನಂಬರ್ ಉಳಿಯುವಂತೆ ಮಾಡಿದಿರಿ. ಗಡಿಯಲ್ಲಿರುವ ನಮಗೆ ಅದರಿಂದ ಆದ ಉಪಕಾರ ದೊಡ್ಡದು. ಡಿಟಿಎಚ್‌ನಲ್ಲಿ ತಟ್ಟೆಯನ್ನು ಬೇರೆ ಉಪಗ್ರಹದ ಕಡೆಗೆ ತಿರುಗಿಸುವ ಕೆಲಸ ಇರುತ್ತದೆ, ಅದಕ್ಕೆ ಒಬ್ಬ ಮೆಕ್ಯಾನಿಕ್ ಬರಬೇಕು. ಆ ಖರ್ಚು ನ್ಯಾಯವಾದದ್ದು, ಕೊಡಲು ಸಿದ್ಧ.

ಡಿಡಿ ಫ್ರೀ ಡಿಶ್ ಹಾಕಿಸಿ ಎಂದು ಕೆಲವರು ಹೇಳುತ್ತಾರೆ. 2004ರಲ್ಲಿ ಶುರುವಾದ ಒಳ್ಳೆಯ ಸೇವೆ ಅದು. ತಿಂಗಳ ದುಡ್ಡಿಲ್ಲ, ಚಂದನ ವಾಹಿನಿ ಸಿಗುತ್ತದೆ. ನಮ್ಮ ನೆರೆಯಲ್ಲೂ ಕೆಲವರು ಹಾಕಿಸಿದ್ದಾರೆ. ಆದರೆ ಅಮ್ಮನಂಥವರು ನೋಡುವ ಧಾರಾವಾಹಿಗಳ ಚಾನೆಲ್ ಅದರಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ನೋಡಿ ಎನ್ನುವವರು ನಮ್ಮ ಮನೆಗೆ ಬಂದು ನೆಟ್‌ವರ್ಕ್ ಹುಡುಕಿಕೊಂಡು ಅಂಗಳದ ಮೂಲೆಗೆ ಹೋಗಬೇಕಾಗುತ್ತದೆ. ಎಪ್ಪತ್ತು ದಾಟಿದವರಿಗೆ ಸಣ್ಣ ಪರದೆ ಕಾಣುವುದೂ ಇಲ್ಲ.

ಹಾಗಾಗಿ ನಮಗೆ ಬೇಕಾದದ್ದು ಇಷ್ಟು. 2020ರಲ್ಲಿ ಕಡ್ಡಾಯ ಎಂದು ಬರೆದದ್ದನ್ನು ಮತ್ತೆ ಕಡ್ಡಾಯ ಎಂದೇ ಸಚಿವಾಲಯಕ್ಕೆ ಬರೆಯಿರಿ. ಇಂಥ ದಿನದಿಂದ ಮಾರುವ ಹೊಸ ಬಾಕ್ಸ್‌ಗಳಿಗೆ ಅದು ಅನ್ವಯ ಎಂದು ಹೇಳಿ. ಹಳೆಯದನ್ನು ಒಮ್ಮೆಲೇ ಬದಲಾಯಿಸಿ ಎಂದು ಯಾರೂ ಕೇಳುತ್ತಿಲ್ಲ. ಬಾಕ್ಸಿಗೆ ನಾವು ದುಡ್ಡು ಕೊಟ್ಟಿದ್ದರೆ ಅದು ನಮ್ಮದು ಎಂದು ಕರಾರಿನಲ್ಲಿ ಬರೆಯಿಸಿ. ಬಾಡಿಗೆಯದ್ದಾದರೆ ಕೆಟ್ಟಾಗ ಬದಲಾಯಿಸುವ ಹೊಣೆ ಕಂಪನಿಯದ್ದಾಗಲಿ, ಸಿಡಿಲಾದರೂ ಸರಿ. ಆ ಕರಾರು ಗ್ರಾಹಕನ ಭಾಷೆಯಲ್ಲಿರಲಿ.

ಭಾಷೆಯ ಪ್ಯಾಕ್‌ಗೆ ಹೊಸ ಕಾನೂನೇ ಬೇಕಿಲ್ಲ. 2024ರ ತಿದ್ದುಪಡಿಯಲ್ಲಿ ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ನೆಟ್‌ವರ್ಕ್ ಶುಲ್ಕ ಇಡಲು ಕಂಪನಿಗಳಿಗೆ ಅವಕಾಶ ಕೊಟ್ಟಿದ್ದೀರಿ. ದರಕ್ಕೆ ಪ್ರದೇಶ ನೋಡಬಹುದಾದರೆ ಭಾಷೆಗೂ ನೋಡಬಹುದು. ಗಡಿ ಜಿಲ್ಲೆಗಳಲ್ಲಿ ಎರಡು ರಾಜ್ಯದ ಪ್ಯಾಕ್‌ಗಳೂ ಗ್ರಾಹಕನ ಮುಂದೆ ಇರಬೇಕು, ಎರಡೂ ಭಾಷೆ ಸೇರಿದ ಒಂದು ಗೊಂಚಲು ಇರಬೇಕು, ಒಂದು ಗೊಂಚಲಿನ ದರಕ್ಕೆ ಹತ್ತಿರದ ದರ ಇರಬೇಕು. ಇದು ನಮಗೆ ಮಾತ್ರ ಅಲ್ಲ. ತಮಿಳುನಾಡಿನ ತಾಳವಾಡಿ, ಹೊಸೂರಿನ ಕನ್ನಡಿಗರಿಗೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಕನ್ನಡಿಗರಿಗೂ, ಆಂಧ್ರದ ಮಡಕಶಿರಾ, ರಾಯದುರ್ಗದವರಿಗೂ ಬೇಕು. ಬೆಳಗಾವಿಯ ಮರಾಠಿ ಮನೆಗೂ, ಬಳ್ಳಾರಿಯ ತೆಲುಗು ಮನೆಗೂ, ಮಂಗಳೂರಿನಲ್ಲಿರುವ ಮಲಯಾಳಿ ಮನೆಗೂ ಇದೇ ನಿಯಮದಿಂದ ಅನುಕೂಲ.

ಟ್ರಾಯ್ ಯಾವುದೇ ನಿಯಮ ಮಾಡುವ ಮೊದಲು ಜನರ ಅಭಿಪ್ರಾಯ ಕೇಳುತ್ತದೆ. ಆ ಕಾಗದಪತ್ರಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ, ಸಭೆಗಳು ದೊಡ್ಡ ನಗರಗಳಲ್ಲಿ ನಡೆಯುತ್ತವೆ. ಮುಂದಿನ ಸಲ ಸೆಟ್‌ಟಾಪ್ ಬಾಕ್ಸ್ ಬಗ್ಗೆ ಸಭೆ ಕರೆಯುವಾಗ ಒಂದನ್ನು ಕಾಸರಗೋಡಿನಲ್ಲಿ ಇಡಿ. ಕಾಗದವನ್ನು ಕನ್ನಡದಲ್ಲೂ ಮಲಯಾಳಂನಲ್ಲೂ ಕೊಡಿ. ಮಳೆಗಾಲದಲ್ಲೇ ಬಂದರೆ ಇನ್ನೂ ಒಳ್ಳೆಯದು, ಸಿಗ್ನಲ್ ಹೇಗೆ ಹೋಗುತ್ತದೆ ಎಂದು ನೀವೇ ನೋಡಬಹುದು. ತೋಟದ ಮನೆಗಳಿಗೆ ನಾವು ಕರೆದುಕೊಂಡು ಹೋಗುತ್ತೇವೆ.

ವಿಶ್ವಾಸದಿಂದ,
ಬದಿಯಡ್ಕದ ಕಡೆಯ ಒಬ್ಬ ಡಿಟಿಎಚ್ ಗ್ರಾಹಕ
ಕಾಸರಗೋಡು ಜಿಲ್ಲೆ